ಆರೈಕೆಗೆ ಸರ್ಕಾರದ ದುಡ್ಡು, ಬಾಡಿಗೆ–ಊಟಕ್ಕೆ ನಿಮ್ಮದೇ

ಪ್ರಶ್ನೆ: ಅಮ್ಮನಿಗೆ 78. ಗ್ರೀನ್ ಕಾರ್ಡ್ ಬಂದು ಎರಡೂವರೆ ವರ್ಷ. ಮರೆವು ಹೆಚ್ಚಾಗಿದೆ, ಸ್ನಾನ, ಬಟ್ಟೆ, ಶೌಚ ಎಲ್ಲಕ್ಕೂ ಒಬ್ಬರು ಜೊತೆಗಿರಬೇಕು. ಹತ್ತಿರದ ಅಸಿಸ್ಟೆಡ್ ಲಿವಿಂಗ್‌ನವರು (ಹಿರಿಯರಿಗೆ ಕೋಣೆ, ಊಟ, ದಿನದ ಆರೈಕೆ ಕೊಡುವ ವಸತಿ) ‘ಮೆಡಿಕೇಡ್ ತಗೊಳ್ತೀವಿ’ ಎಂದಿದ್ದಾರೆ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ನೆರವಿನ ಹಣ. ನಾನು ಇಲ್ಲಿ ಇಪ್ಪತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇನೆ. ಅಮ್ಮನಿಗೆ ಸಿಗುತ್ತದಲ್ಲವೇ?
— ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಈಗ ಸಿಗುವುದಿಲ್ಲ. 1996ರ ಕಾನೂನಿನಂತೆ ಗ್ರೀನ್ ಕಾರ್ಡ್ ಪಡೆದವರು ಮೆಡಿಕೇಡ್‌ಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ನೀವು ಕಟ್ಟಿದ ತೆರಿಗೆ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳ ದುಡಿಮೆ ತಂದೆ–ತಾಯಿಯ ಲೆಕ್ಕಕ್ಕೆ ಸೇರುವುದಿಲ್ಲ. ಅಮ್ಮನನ್ನು ಕರೆಸಿಕೊಳ್ಳುವಾಗ ನೀವು ಸಹಿ ಹಾಕಿದ ಐ-864, ಅಂದರೆ ಅವರ ಖರ್ಚಿಗೆ ನಾನೇ ಹೊಣೆ ಎನ್ನುವ ಮುಚ್ಚಳಿಕೆ, ನೆನಪಿದೆಯೇ? ಐದು ವರ್ಷ ಮುಗಿದ ಮೇಲೂ ಅದರ ಆಧಾರದಲ್ಲಿ ನಿಮ್ಮ ಸಂಬಳವನ್ನು ಅಮ್ಮನ ಆದಾಯವೆಂದು ಎಣಿಸಲು ಅವಕಾಶವಿದೆ. ಅಮ್ಮ ಅಮೆರಿಕದ ಪ್ರಜೆಯಾದ ದಿನ ಆ ಗಂಟು ಬಿಚ್ಚುತ್ತದೆ.

ಹಾಗಾಗಿ ಪೌರತ್ವದ ತಯಾರಿ ಈಗಲೇ ಶುರುವಾಗಲಿ. ಐದು ವರ್ಷ ತುಂಬಲು 90 ದಿನ ಇರುವಾಗಲೇ ಅರ್ಜಿ ಹಾಕಬಹುದು. ಮರೆವಿನ ಕಾಯಿಲೆ ಇರುವವರಿಗೆ ಇಂಗ್ಲಿಷ್ ಮತ್ತು ನಾಗರಿಕ ಜ್ಞಾನದ ಪರೀಕ್ಷೆಯಿಂದ ವಿನಾಯಿತಿ ಕೇಳುವ ಎನ್-648 ಎಂಬ ನಮೂನೆ ಇದೆ. ಅದನ್ನು ವೈದ್ಯರೇ ತುಂಬಬೇಕು. ‘ವಯಸ್ಸಾಗಿದೆ, ಮರೆಯುತ್ತಾರೆ’ ಎಂದು ಒಂದು ಸಾಲು ಬರೆದುಕೊಟ್ಟರೆ ಅರ್ಜಿ ನಿಲ್ಲುವುದಿಲ್ಲ. ರೋಗದ ಹೆಸರು, ಮಾಡಿದ ಪರೀಕ್ಷೆಗಳು, ಆ ಕಾಯಿಲೆಯಿಂದ ಹೊಸದನ್ನು ಕಲಿಯಲು ಏಕೆ ಆಗುವುದಿಲ್ಲ ಎನ್ನುವ ವಿವರಣೆ, ಈ ಮೂರೂ ಬೇಕು. ಇನ್ನೊಂದು ಮಾತು: ಚಳಿಗಾಲಕ್ಕೆಂದು ಅಮ್ಮನನ್ನು ಊರಿಗೆ ಕಳಿಸುವ ರೂಢಿ ಇದ್ದರೆ ಆರು ತಿಂಗಳ ಒಳಗೇ ವಾಪಸ್ ಕರೆಸಿಕೊಳ್ಳಿ. ಮೀರಿದರೆ ಸತತ ವಾಸದ ಸರಪಳಿ ತುಂಡಾಯಿತು ಎನ್ನುವ ವಾದಕ್ಕೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಇನ್ನು ‘ಮೆಡಿಕೇಡ್ ತಗೊಳ್ತೀವಿ’ ಎನ್ನುವ ಮಾತು. ಅಸಿಸ್ಟೆಡ್ ಲಿವಿಂಗ್‌ನಲ್ಲಿ ಮೆಡಿಕೇಡ್ ಕೊಡುವುದು ಆರೈಕೆಗೆ ಮಾತ್ರ: ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಮೇಲ್ವಿಚಾರಣೆ. ಕೋಣೆಯ ಬಾಡಿಗೆ, ಊಟ ಕೊಡಲು ಕೇಂದ್ರದ ಕಾನೂನೇ ಬಿಡುವುದಿಲ್ಲ. ನರ್ಸಿಂಗ್ ಹೋಮ್ ಆದರೆ ಮೂರನ್ನೂ ಕೊಡುತ್ತದೆ. (ನಮ್ಮೂರಿನ ನರ್ಸಿಂಗ್ ಹೋಮ್ ಅಂದುಕೊಳ್ಳಬೇಡಿ, ಅಮೆರಿಕದಲ್ಲಿ ಆ ಹೆಸರು ವೃದ್ಧರ ದೀರ್ಘಕಾಲದ ಶುಶ್ರೂಷಾ ಮನೆಗೆ.) ಬಾಡಿಗೆ–ಊಟದ ಪಾಲು ಅಮ್ಮನ ಆದಾಯದಿಂದ ಹೋಗಬೇಕು.

ಕರಾರಿಗೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ: ‘ಮೆಡಿಕೇಡ್‌ಗೆ ಬದಲಾಗುವ ಮೊದಲು ಎಷ್ಟು ತಿಂಗಳು ಕೈಯಿಂದ ಕಟ್ಟಬೇಕು? ಆ ಹೊತ್ತಿಗೆ ಮೆಡಿಕೇಡ್ ಹಾಸಿಗೆ ಖಾಲಿ ಇಲ್ಲದಿದ್ದರೆ ಏನು ಮಾಡುತ್ತೀರಿ?’ ಎರಡು ವರ್ಷ ಪೂರ್ತಿ ಹಣ ಕಟ್ಟಿಸಿಕೊಂಡ ಮೇಲಷ್ಟೇ ಒಪ್ಪುವ ಜಾಗಗಳು ಬಹಳ.

ಪ್ರಶ್ನೆ: ಅಪ್ಪ ಅಮೆರಿಕದ ಪ್ರಜೆ, 81 ವರ್ಷ, ಡಲ್ಲಾಸ್‌ನಲ್ಲಿ ಅಸಿಸ್ಟೆಡ್ ಲಿವಿಂಗ್‌ನಲ್ಲಿದ್ದಾರೆ. ಉಳಿತಾಯ ಖಾಲಿಯಾಗುತ್ತಿದೆ. ಎರಡು ವರ್ಷದ ಹಿಂದೆ ಜಯನಗರದ ಫ್ಲಾಟನ್ನು ನನ್ನ ತಮ್ಮನಿಗೆ ದಾನಪತ್ರ ಮಾಡಿಕೊಟ್ಟರು. ಭಾರತದ ಆಸ್ತಿಯನ್ನು ಮೆಡಿಕೇಡ್ ಅರ್ಜಿಯಲ್ಲಿ ತೋರಿಸಲೇಬೇಕೇ?
— ಓದುಗರು, ಡಲ್ಲಾಸ್, ಟೆಕ್ಸಾಸ್

ಉತ್ತರ: ತೋರಿಸಲೇಬೇಕು. ಆಸ್ತಿ ಎಲ್ಲಿದ್ದರೂ ಆಸ್ತಿಯೇ. ಮುಚ್ಚಿಟ್ಟರೆ ಅದು ವಂಚನೆ.

ಹಿಂದಿನ 60 ತಿಂಗಳಲ್ಲಿ ಕೊಟ್ಟ ದಾನವನ್ನೆಲ್ಲ ಮೆಡಿಕೇಡ್ ಕೆದಕುತ್ತದೆ. ಕರ್ನಾಟಕದಲ್ಲಿ ಮಕ್ಕಳಿಗೆ ದಾನಪತ್ರ ಮಾಡುವುದಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ, ಅದಕ್ಕೇ ಜನ ಹಗುರವಾಗಿ ಮಾಡಿಬಿಡುತ್ತಾರೆ. ಅದರ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಲೆಕ್ಕ ಹೀಗೆ: ಫ್ಲಾಟಿನ ಮಾರುಕಟ್ಟೆ ಬೆಲೆಯನ್ನು ರಾಜ್ಯ ಗೊತ್ತುಮಾಡಿದ ನರ್ಸಿಂಗ್ ಹೋಮ್ ಸರಾಸರಿ ದರದಿಂದ ಭಾಗಿಸುತ್ತಾರೆ. ಉದಾಹರಣೆಗೆ, ಬೆಲೆ 80,000 ಡಾಲರ್, ದರ ತಿಂಗಳಿಗೆ 8,000 ಎಂದಿಟ್ಟುಕೊಂಡರೆ ಹತ್ತು ತಿಂಗಳು ಮೆಡಿಕೇಡ್ ದುಡ್ಡು ಕೊಡುವುದಿಲ್ಲ. ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆ ಹತ್ತು ತಿಂಗಳು ದಾನಪತ್ರದ ದಿನದಿಂದ ಶುರುವಾಗುವುದಿಲ್ಲ. ಅಪ್ಪನ ಕೈ ಖಾಲಿಯಾಗಿ, ಉಳಿದೆಲ್ಲ ಅರ್ಹತೆ ಇದ್ದು, ಅರ್ಜಿ ಹಾಕಿದ ಮೇಲೆ ಶುರು. ಅಂದರೆ ಕಾಸಿಲ್ಲದ ಹೊತ್ತಿಗೆ ಸರಿಯಾಗಿ ದಂಡ.

ದಾರಿಗಳು ಎರಡು. ನಿಮ್ಮ ತಮ್ಮ ಆ ಫ್ಲಾಟನ್ನು ಪೂರ್ತಿ ಅಪ್ಪನ ಹೆಸರಿಗೇ ಮರಳಿಸಿದರೆ ದಂಡ ಹೋಗುತ್ತದೆ. ಆಮೇಲೆ ಮಾರುಕಟ್ಟೆ ಬೆಲೆಗೆ ಮಾರಿ ಆ ಹಣವನ್ನು ಅಪ್ಪನ ಆರೈಕೆಗೇ ಖರ್ಚು ಮಾಡಬೇಕು. 2,000 ಡಾಲರ್ ಮಿತಿಗೆ ಇಳಿದಾಗ ಅರ್ಜಿ. ಅದಾಗದಿದ್ದರೆ 60 ತಿಂಗಳು ಮುಗಿಯುವವರೆಗೆ ಕೈಯಿಂದ ಕಟ್ಟಿ ಕಾಯುವುದು. ತಮ್ಮನ ಮನಸ್ಸು ನೋಡಿಕೊಂಡು ಮೊದಲ ದಾರಿಯೇ ಒಳ್ಳೆಯದು. ಅವಿಭಕ್ತ ಕುಟುಂಬದ ಜಮೀನಿನಲ್ಲಿ ಪಾಲಿದ್ದು ವಿಭಾಗದ ದಾವೆ ನಡೆಯುತ್ತಿದ್ದರೆ ಪಹಣಿ, ದಾವೆಯ ಪ್ರತಿಗಳನ್ನು ಇಂಗ್ಲಿಷ್ ಅನುವಾದದ ಸಮೇತ ಲಗತ್ತಿಸಿ. ಸದ್ಯಕ್ಕೆ ಮಾರಲಾಗದ ಆಸ್ತಿ ಎಂದು ವಾದಿಸಲು ಅವೇ ಸಾಕ್ಷಿ.

ಆದಾಯದ ಮಿತಿ 2025ರಲ್ಲಿ ತಿಂಗಳಿಗೆ 2,901 ಡಾಲರ್ ಇತ್ತು. ಅಪ್ಪನ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಆಯಾ ವರ್ಷದ ಮಿತಿಗಿಂತ ಹತ್ತು ಡಾಲರ್ ಹೆಚ್ಚಿದ್ದರೂ ಟೆಕ್ಸಾಸ್‌ನಲ್ಲಿ ಅರ್ಜಿ ಬೀಳುತ್ತದೆ. ಅಂಥವರಿಗೆ ಮಿಲ್ಲರ್ ಟ್ರಸ್ಟ್ ಎಂಬ ಖಾತೆ ಮಾಡಿಸಿ ಆದಾಯವನ್ನು ಪ್ರತಿ ತಿಂಗಳು ಅದರ ಮೂಲಕ ಹಾಯಿಸಬೇಕು. ಒಂದು ತಿಂಗಳು ಹಾಕಲು ಮರೆತರೆ ಆ ತಿಂಗಳ ಅರ್ಹತೆ ಹೋದಂತೆ. ಅಸಿಸ್ಟೆಡ್ ಲಿವಿಂಗ್‌ಗೆ ಅಲ್ಲಿ ಸ್ಟಾರ್ ಪ್ಲಸ್ ಯೋಜನೆ ಇದೆ, ಅದಕ್ಕೆ ಸರದಿ ಪಟ್ಟಿಯೂ ಇದೆ. ಹೆಸರನ್ನು ಇವತ್ತೇ ಬರೆಸಿ, ಸರದಿ ಹತ್ತಿರ ಬಂದಾಗ ಅರ್ಹತೆಯ ಪರಿಶೀಲನೆ.

ಪ್ರಶ್ನೆ: ಮಾವನಿಗೆ ಮೆಡಿಕೇರ್ (65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ; ಮೆಡಿಕೇಡ್ ಬೇರೆ) ಇದೆ. ಬಿದ್ದು ಆಸ್ಪತ್ರೆಯಲ್ಲಿ ಮೂರು ರಾತ್ರಿ ಇದ್ದರು. ‘100 ದಿನ ಮೆಡಿಕೇರ್ ಕೊಡುತ್ತದೆ’ ಎಂದು ನಂಬಿ ಪುನರ್ವಸತಿ ಕೇಂದ್ರಕ್ಕೆ ಸೇರಿಸಿದೆವು. ಈಗ ಪೂರ್ತಿ ಬಿಲ್ ನಮ್ಮ ಮೇಲೆ. ಏಕೆ?
— ಓದುಗರು, ಚಿಕಾಗೊ

ಉತ್ತರ: ಅವರನ್ನು ‘ಅಬ್ಸರ್ವೇಶನ್’ (ಬರೀ ನಿಗಾದಲ್ಲಿ) ಎಂದು ಇಟ್ಟಿದ್ದಿರಬೇಕು. ಹಾಸಿಗೆ ಅದೇ, ಡ್ರಿಪ್ ಅದೇ, ಆದರೆ ಮೆಡಿಕೇರ್ ಲೆಕ್ಕದಲ್ಲಿ ಅದು ಒಳರೋಗಿ ದಾಖಲಾತಿಯಲ್ಲ. ಬೇಕಾದದ್ದು ಸತತ ಮೂರು ದಿನದ ಒಳರೋಗಿ ದಾಖಲಾತಿ, ಬಿಡುಗಡೆಯ ದಿನ ಬಿಟ್ಟು. ಅಬ್ಸರ್ವೇಶನ್ 24 ಗಂಟೆ ಮೀರಿದರೆ ಆಸ್ಪತ್ರೆ ಲಿಖಿತ ಸೂಚನೆ ಕೊಡಬೇಕು. ಕಾಗದಗಳ ಕಟ್ಟಿನಲ್ಲಿ ಹುಡುಕಿ ನೋಡಿ. ಮುಂದೆ ಇಂಥ ಸಂದರ್ಭ ಬಂದರೆ ದಿನಾ ಬೆಳಿಗ್ಗೆ ‘ಇವರು ಒಳರೋಗಿಯೇ?’ ಎಂದು ಕೇಳಿ.

ಎಲ್ಲ ಸರಿಯಿದ್ದರೂ 100 ದಿನ ಎನ್ನುವುದು ಮೇಲಿನ ಮಿತಿಯಷ್ಟೇ. ಮೊದಲ 20 ದಿನ ಪೂರ್ತಿ ಮೆಡಿಕೇರ್. 21ರಿಂದ ದಿನಕ್ಕೆ ಇಂತಿಷ್ಟು ನಿಮ್ಮ ಪಾಲು, 2025ರಲ್ಲಿ ಅದು 209.50 ಡಾಲರ್ ಇತ್ತು. ನುರಿತ ಶುಶ್ರೂಷೆ, ಫಿಸಿಯೋಥೆರಪಿ ಬೇಕಿಲ್ಲ ಎಂದಾದ ದಿನ ಅದೂ ನಿಲ್ಲುತ್ತದೆ. ಅಸಿಸ್ಟೆಡ್ ಲಿವಿಂಗ್‌ನ ಬಾಡಿಗೆ, ಊಟ, ದಿನನಿತ್ಯದ ಆರೈಕೆಗೆ ಮೆಡಿಕೇರ್ ಒಂದು ಡಾಲರನ್ನೂ ಕೊಡುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಡಿಮೆನ್ಷಿಯಾ. ಬೆಂಗಳೂರಿನ ಆರೈಕೆ ಮನೆಯ ಖರ್ಚಿಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ?
— ಓದುಗರು, ತುಮಕೂರು

ಉತ್ತರ: ನಡೆಯುವುದಿಲ್ಲ. ಅದು ನೋಂದಾಯಿತ ಆಸ್ಪತ್ರೆಯ ದಾಖಲಾತಿಗೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆ ನಂತರದ 15 ದಿನದ ಔಷಧ, ಪರೀಕ್ಷೆ ಸೇರಿ. ಆರೈಕೆ ಮನೆಯಲ್ಲಿ ಬಿದ್ದು ಸೊಂಟ ಮುರಿದರೆ ಶಸ್ತ್ರಚಿಕಿತ್ಸೆಗೆ ಕಾರ್ಡ್ ಬರುತ್ತದೆ, ತಿಂಗಳ ಶುಲ್ಕಕ್ಕಲ್ಲ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿಬಿ ಎಂದಿದ್ದ ಕಲಮನ್ನು ನೋಡಿ. 40 ಶೇಕಡಾ ಅಥವಾ ಹೆಚ್ಚು ವೈಕಲ್ಯ ಪ್ರಮಾಣೀಕೃತವಾದ ಡಿಮೆನ್ಷಿಯಾಕ್ಕೆ, ಹಿರಿಯ ನಾಗರಿಕರ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷದವರೆಗೆ ಕಡಿತವಿದೆ. ನರರೋಗ ತಜ್ಞರ ಚೀಟಿ ಬೇಕು. ಆರೈಕೆ ಮನೆಯವರಿಗೆ ಹೇಳಿ ಚಿಕಿತ್ಸೆ, ಔಷಧದ ಬಿಲ್ ಬೇರೆ, ಕೋಣೆ–ಊಟದ ಬಿಲ್ ಬೇರೆ ಮಾಡಿಸಿ. ಎರಡನ್ನೂ ಕೂಡಿಸಿ ‘ಮಾಸಿಕ ಶುಲ್ಕ’ ಎಂದು ಒಂದೇ ರಸೀದಿ ಕೊಟ್ಟರೆ ಅದರಲ್ಲಿ ಚಿಕಿತ್ಸೆಯದೆಷ್ಟು ಎಂದು ನೀವು ತೋರಿಸಲಾರಿರಿ.