ಗುಲಾಮರ ಒಡೆಯನಾಗಿದ್ದ, ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಪ್ರತಿಮೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೂ ಏಕೆ ಇದೆ? ಅದರಲ್ಲಿ ನೋಡುವಂಥದ್ದೇನಿದೆ?

ನೋಡುವಂಥದ್ದು ಇದೆ, ಆದರೆ ಮುಖದಲ್ಲಲ್ಲ. ನಾನು ದಾವಣಗೆರೆಯವನು, ತಮ್ಮನ ಮಗಳು ಅಲ್ಲಿ ಓದುತ್ತಿದ್ದಾಗ ಹೋಗಿ ನೋಡಿಬಂದಿದ್ದೇನೆ.

ರೊಟುಂಡಾ ಎಂಬ ಗುಮ್ಮಟದ ಕಟ್ಟಡದ ಉತ್ತರಕ್ಕೆ ಆ ಕಂಚಿನ ಪ್ರತಿಮೆ ಇದೆ. ಮೋಸೆಸ್ ಎಜೆಕಿಯಲ್ ಎಂಬ ಶಿಲ್ಪಿಯ ಕೆಲಸ, ಅಲ್ಲಿ ನಿಂತದ್ದು 1910ರಲ್ಲಿ. ತಾನೇ ಬರೆದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪತ್ರವನ್ನು ಹಿಡಿದ ಜೆಫರ್ಸನ್ ದೊಡ್ಡ ಗಂಟೆಯೊಂದರ ಮೇಲೆ ನಿಂತಿದ್ದಾನೆ. ಬಂದವರೆಲ್ಲ ಎದುರು ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನೀವು ಗಂಟೆಗೆ ಒಂದು ಪ್ರದಕ್ಷಿಣೆ ಹಾಕಿ. ಸುತ್ತಲಿನ ರೆಕ್ಕೆಯ ಆಕೃತಿಗಳಲ್ಲಿ ಒಂದರ ಕೈಯಲ್ಲಿ ಹಲಗೆಯಿದೆ. ಅದರ ಮೇಲೆ ‘ಧಾರ್ಮಿಕ ಸ್ವಾತಂತ್ರ್ಯ, 1786’ ಎಂದಿದೆ. ಜೊತೆಗೆ ದೇವರ ಹೆಸರುಗಳು. ಯೆಹೋವ, ಅಲ್ಲಾ, ಸ್ಯೂಸ್, ರಾ ಇವರ ಸಾಲಿನಲ್ಲೇ ನಮ್ಮ ಬ್ರಹ್ಮ, ಆತ್ಮ! ವರ್ಜೀನಿಯಾದಲ್ಲಿ 1786ರಲ್ಲಿ ಅಂಗೀಕಾರವಾದ ಆ ಕಾಯ್ದೆಯ ಕರಡು ಜೆಫರ್ಸನ್‌ನದೇ. 1819ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದಾಗಲೂ ಅವನು ಅದರ ತಲೆಯ ಜಾಗದಲ್ಲಿ ಇಟ್ಟದ್ದು ಚರ್ಚನ್ನಲ್ಲ, ಗ್ರಂಥಾಲಯವನ್ನು. ತನ್ನ ಸಮಾಧಿಯ ಮೇಲೆ ಬರೆಯಬೇಕೆಂದು ಹೇಳಿಟ್ಟದ್ದೂ ಮೂರೇ ಸಂಗತಿ: ಘೋಷಣೆ, ಈ ಕಾಯ್ದೆ, ಈ ವಿಶ್ವವಿದ್ಯಾಲಯ. ದೇಶದ ಅಧ್ಯಕ್ಷನಾಗಿದ್ದ ಮಾತೇ ಅಲ್ಲಿಲ್ಲ.

ಇನ್ನು ಗುಲಾಮರ ವಿಷಯ. ಮುಚ್ಚಿಡುವಂಥದ್ದೇನೂ ಇಲ್ಲ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಅವನು ಗುಲಾಮರಾಗಿ ಇಟ್ಟುಕೊಂಡಿದ್ದ. ಬಿಡುಗಡೆ ಮಾಡಿದ್ದು ಬೆರಳೆಣಿಕೆಯವರನ್ನು. ಆ ಕ್ಯಾಂಪಸ್ಸಿನ ಇಟ್ಟಿಗೆ ಸುಟ್ಟದ್ದು, ಹೊತ್ತದ್ದು ಗುಲಾಮರು. ಮೊದಲ ಕಪ್ಪು ವಿದ್ಯಾರ್ಥಿ ಒಳಗೆ ಕಾಲಿಡಲು 1950ರ ತನಕ ಕಾಯಬೇಕಾಯಿತು, ಅದೂ ನ್ಯಾಯಾಲಯದ ಮೆಟ್ಟಿಲೇರಿ. ಶಿಲ್ಪಿ ಎಜೆಕಿಯಲ್ ಕೂಡ ಹುಡುಗನಾಗಿದ್ದಾಗ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುಲಾಮಿ ರಾಜ್ಯಗಳ ಪರ ಬಂದೂಕು ಹಿಡಿದಿದ್ದವನು.

ಹಾಗಾದರೆ ತೆಗೆಯಬೇಕೇ? ಬೇಡ ಎನ್ನುವವನು ನಾನು. 2017ರ ಆಗಸ್ಟ್ 11ರ ರಾತ್ರಿ ಬಿಳಿಯ ಜನಾಂಗವಾದಿಗಳು ಪಂಜು ಹಿಡಿದು ಬಂದಾಗ, ಬೆರಳೆಣಿಕೆಯ ವಿದ್ಯಾರ್ಥಿಗಳು ಅವರಿಗೆ ಎದುರಾಗಿ ನಿಂತದ್ದು ಇದೇ ಪ್ರತಿಮೆಯ ಬುಡದಲ್ಲಿ. ಮರುತಿಂಗಳು ಪ್ರತಿಭಟನಕಾರರು ಇದೇ ಪ್ರತಿಮೆಗೆ ಕಪ್ಪು ಬಟ್ಟೆ ಹೊದಿಸಿದರು. ಎರಡೂ ಸರಿಯೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ತೋಳಹುಣಸೆಯ ಶಿವಗಂಗೋತ್ರಿಯ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ, ಬೇರು ಹುಡುಕಿದರೆ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಹೋಗಿ ಮುಟ್ಟುತ್ತೇವೆ. ಅವರೊಂದಿಗೆ ನಮಗೆ ಜಗಳವೂ ಇಲ್ಲ, ಅವರ ಬಗ್ಗೆ ಓದೂ ಇಲ್ಲ. ಜಯಂತಿಗೆ ಹಾರ ಹಾಕಿದರೆ ನಮ್ಮ ಕೆಲಸ ಮುಗಿಯಿತು.

ಹೋದಾಗ ಮೊದಲು ಗುಲಾಮ ಕಾರ್ಮಿಕರ ಸ್ಮಾರಕ ನೋಡಿ. 2020ರಲ್ಲಿ ಕಟ್ಟಿ ಮುಗಿಸಿದ, ರೊಟುಂಡಾದಷ್ಟೇ ಅಗಲದ ಕಲ್ಲಿನ ವೃತ್ತ, ನಡೆದೇ ಹೋಗಬಹುದು. ಹೆಸರು ಸಿಕ್ಕವರಿಗೆ ಹೆಸರು, ಕೆಲವರಿಗೆ ಬರೀ ಕಸುಬು, ಉಳಿದ ಸಾವಿರಾರು ಜನರಿಗೆ ಕಲ್ಲಿನಲ್ಲಿ ಒಂದೊಂದು ಗೀರು. ಆಮೇಲೆ ಪ್ರತಿಮೆಗೆ ಬನ್ನಿ. ರೊಟುಂಡಾದ ದಕ್ಷಿಣಕ್ಕೆ ಹುಲ್ಲುಹಾಸಿನಲ್ಲಿ ಕುಳಿತ ಭಂಗಿಯ ಇನ್ನೊಬ್ಬ ಜೆಫರ್ಸನ್ ಇದ್ದಾನೆ, ಅವನ ಹತ್ತಿರ ಹಲಗೆ ಹುಡುಕಬೇಡಿ.