ಅಮೆರಿಕದ ಅಧ್ಯಕ್ಷರು ಯಾರನ್ನೂ ಕೇಳದೆ ಬಾಂಬ್ ಹಾಕಿಸಬಹುದೇ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಮೊದಲೇ ಹೇಳಿಬಿಡುತ್ತೇವೆ: ಈ ಸಲದ ಉತ್ತರಗಳಲ್ಲಿ ‘ಕಾಂಗ್ರೆಸ್’ ಎಂದರೆ ನಮ್ಮ ಪಕ್ಷವಲ್ಲ, ಅಮೆರಿಕದ ಸಂಸತ್ತು. ಅದರ ಕೆಳಮನೆ 435 ಸದಸ್ಯರ ಜನಪ್ರತಿನಿಧಿ ಸಭೆ, ಮೇಲ್ಮನೆ 100 ಸದಸ್ಯರ ಸೆನೆಟ್.

ಪ್ರಶ್ನೆ: 2025ರ ಜೂನ್ 22ರಂದು ಅಮೆರಿಕ ಇರಾನಿನ ಮೂರು ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿತು. ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿಗೆ ಮಾತ್ರ ಎಂದು ಕಾಲೇಜಿನಲ್ಲಿ ಓದಿದ್ದೆ. ಹಾಗಿದ್ದರೆ ಇದು ಸಂವಿಧಾನಬಾಹಿರವಲ್ಲವೇ? (ದಾವಣಗೆರೆ)

ನೀವು ಓದಿದ್ದು ಸರಿಯೇ. ಅಮೆರಿಕ ಸಂವಿಧಾನದ 1ನೇ ವಿಧಿಯ 8ನೇ ಸೆಕ್ಷನ್ ಯುದ್ಧ ಘೋಷಿಸುವ, ಸೇನೆ ಕಟ್ಟುವ, ಅದಕ್ಕೆ ಹಣ ಕೊಡುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟಿದೆ. 2ನೇ ವಿಧಿಯ ಪ್ರಕಾರ ಅಧ್ಯಕ್ಷರು ಸೇನೆಯ ಮಹಾದಂಡನಾಯಕ. ತಕರಾರು ಇರುವುದು ಇವೆರಡರ ನಡುವೆ. 1787ರ ಕರಡಿನಲ್ಲಿ ಕಾಂಗ್ರೆಸ್ಸಿಗೆ ‘ಯುದ್ಧ ಮಾಡುವ’ ಅಧಿಕಾರ ಎಂದಿತ್ತು. ಜೇಮ್ಸ್ ಮ್ಯಾಡಿಸನ್ ಮತ್ತು ಎಲ್‌ಬ್ರಿಜ್ ಗೆರಿ ಅದನ್ನು ‘ಘೋಷಿಸುವ’ ಎಂದು ಬದಲಿಸಲು ಸೂಚಿಸಿದರು. ಶತ್ರು ಏಕಾಏಕಿ ಮೇಲೆ ಬಿದ್ದರೆ ಕಾಂಗ್ರೆಸ್ ಸಭೆ ಸೇರುವವರೆಗೆ ಅಧ್ಯಕ್ಷರು ಕೈಕಟ್ಟಿ ಕೂರಬಾರದು ಎಂಬುದಷ್ಟೇ ಆಗಿನ ಉದ್ದೇಶ. ಮುಂದೆ ಬಂದವರೆಲ್ಲ ಆ ಕಿರುಬಾಗಿಲಿನಿಂದಲೇ ಫಿರಂಗಿ ಸಾಗಿಸಿದರು.

ಇಲ್ಲಿಯವರೆಗೆ ಕಾಂಗ್ರೆಸ್ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 11 ಸಲ, ಐದು ಯುದ್ಧಗಳಲ್ಲಿ. ಕೊನೆಯದು 1942ರ ಜೂನ್‌ನಲ್ಲಿ ಬಲ್ಗೇರಿಯ, ಹಂಗೇರಿ ಮತ್ತು ರುಮೇನಿಯಗಳ ವಿರುದ್ಧ. ಕೊರಿಯಕ್ಕೆ 1950ರಲ್ಲಿ ಸೇನೆ ಕಳಿಸಿದ ಟ್ರೂಮನ್ ಘೋಷಣೆಯನ್ನೂ ಕೇಳಲಿಲ್ಲ, ಅನುಮತಿಯನ್ನೂ ಕೇಳಲಿಲ್ಲ. ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದರು.

ಇವತ್ತು ಅಧ್ಯಕ್ಷರ ವಕೀಲರು, ಅಂದರೆ ನ್ಯಾಯ ಇಲಾಖೆಯ ಆಫೀಸ್ ಆಫ್ ಲೀಗಲ್ ಕೌನ್ಸೆಲ್, ಎರಡು ಪ್ರಶ್ನೆ ಹಾಕಿಕೊಳ್ಳುತ್ತಾರೆ. ಮಹತ್ವದ ರಾಷ್ಟ್ರಹಿತ ಇದೆಯೇ? ಕಾರ್ಯಾಚರಣೆಯ ಸ್ವರೂಪ, ವ್ಯಾಪ್ತಿ, ಅವಧಿ ಸಂವಿಧಾನದ ಅರ್ಥದಲ್ಲಿ ‘ಯುದ್ಧ’ ಎನ್ನುವಷ್ಟು ದೊಡ್ಡದೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದಾದರೆ ಅನುಮತಿ ಬೇಡ. 2011ರಲ್ಲಿ ಒಬಾಮ ಆಡಳಿತದ ಲಿಬಿಯ ದಾಳಿಗೂ 2018ರಲ್ಲಿ ಟ್ರಂಪ್ ಆಡಳಿತದ ಸಿರಿಯ ದಾಳಿಗೂ ಇದೇ ಅಳತೆಗೋಲು. ಪಕ್ಷ ಬದಲಾದರೂ ಗೋಲು ಬದಲಾಗಲಿಲ್ಲ. ಅಳೆಯುವವರು ಅಧ್ಯಕ್ಷರ ಕೈಕೆಳಗಿನವರೇ ಎಂಬುದನ್ನು ಮಾತ್ರ ಮರೆಯಬೇಡಿ. ಒಂದು ರಾತ್ರಿಯ ವಿಮಾನ ದಾಳಿ ಈ ಅಳತೆಯಲ್ಲಿ ಸುಲಭವಾಗಿ ಪಾರಾಗುತ್ತದೆ. ಸಂವಿಧಾನ ಬರೆದವರ ಅಳತೆಯಲ್ಲಿ ಪಾರಾಗುತ್ತಿತ್ತು ಎಂದು ನಮಗೆ ಅನಿಸುವುದಿಲ್ಲ.

ಪ್ರಶ್ನೆ: 60 ದಿನಗಳ ನಿಯಮ ಎಂದು ಟಿವಿಯಲ್ಲಿ ಹೇಳುತ್ತಾರೆ. ಅಷ್ಟು ದಿನ ಅಧ್ಯಕ್ಷರು ಏನು ಬೇಕಾದರೂ ಮಾಡಬಹುದು ಎಂದರ್ಥವೇ? ದಿನ ಲೆಕ್ಕ ಹಾಕುವುದು ಹೇಗೆ? (ಕಾನೂನು ವಿದ್ಯಾರ್ಥಿನಿ, ಧಾರವಾಡ)

ಇದು 1973ರ ಯುದ್ಧಾಧಿಕಾರ ನಿರ್ಣಯದಲ್ಲಿರುವ ನಿಯಮ. ಹೆಸರು ನಿರ್ಣಯ ಎಂದಿದ್ದರೂ ಅದು ಕಾನೂನೇ. ವಿಯೆಟ್ನಾಂನಿಂದ ಕೈಸುಟ್ಟುಕೊಂಡ ಕಾಂಗ್ರೆಸ್ ಇದನ್ನು ಪಾಸು ಮಾಡಿತು. ನಿಕ್ಸನ್ ವೀಟೋ ಹಾಕಿದರು. ನವೆಂಬರ್ 7ರಂದು ಕೆಳಮನೆ 284-135, ಸೆನೆಟ್ 75-18 ಮತಗಳಿಂದ ವೀಟೋವನ್ನು ತಳ್ಳಿಹಾಕಿದವು.

60 ದಿನ ‘ಫ್ರೀ’ ಎಂಬುದು ತಪ್ಪು ತಿಳಿವಳಿಕೆ. ಅಧ್ಯಕ್ಷರು ಸೇನೆಯನ್ನು ಕದನಕ್ಕೆ ಇಳಿಸಬಹುದಾದ ಸಂದರ್ಭಗಳನ್ನು ಸೆಕ್ಷನ್ 2(ಸಿ) ಮೂರೇ ಎಂದು ಹೇಳುತ್ತದೆ: ಯುದ್ಧ ಘೋಷಣೆ, ನಿರ್ದಿಷ್ಟ ಕಾನೂನಿನ ಅನುಮತಿ, ಇಲ್ಲವೇ ಅಮೆರಿಕದ ಮೇಲೆ ಅಥವಾ ಅದರ ಪಡೆಗಳ ಮೇಲೆ ದಾಳಿ ನಡೆದು ಉಂಟಾದ ತುರ್ತು ಸ್ಥಿತಿ. ಆದರೆ ಇದು ಉದ್ದೇಶ ಹೇಳುವ ಭಾಗದಲ್ಲಿದೆ, ಆಜ್ಞೆ ಮಾಡುವ ಭಾಗದಲ್ಲಿಲ್ಲ. ಹಾಗಾಗಿ ಶ್ವೇತಭವನದ ವಕೀಲರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಈಗ ದಿನದ ಲೆಕ್ಕ. ಕದನಕ್ಕೆ ಇಳಿದ 48 ಗಂಟೆಯೊಳಗೆ ಅಧ್ಯಕ್ಷರು ಕೆಳಮನೆಯ ಸ್ಪೀಕರ್‌ಗೂ ಸೆನೆಟ್‌ನ ಹಂಗಾಮಿ ಸಭಾಪತಿಗೂ ಲಿಖಿತ ವರದಿ ಕೊಡಬೇಕು. ವರದಿ ಕೊಟ್ಟ ದಿನ ಅಥವಾ ಕೊಡಬೇಕಿದ್ದ ದಿನ, ಯಾವುದು ಮೊದಲೋ ಅಲ್ಲಿಂದ 60 ದಿನ. ರಜಾದಿನವೂ ಸೇರಿ. ಅಷ್ಟರಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಸೇನೆಯನ್ನು ಹಿಂದಕ್ಕೆ ಕರೆಸಬೇಕು. ಸೈನಿಕರನ್ನು ಸುರಕ್ಷಿತವಾಗಿ ವಾಪಸು ತರಲು ಅಗತ್ಯವೆಂದು ಅಧ್ಯಕ್ಷರು ಬರೆದುಕೊಟ್ಟರೆ ಇನ್ನು 30 ದಿನ. ಲಿಬಿಯ ಲೆಕ್ಕ ನೋಡಿ: 2011ರ ಮಾರ್ಚ್ 19ಕ್ಕೆ ದಾಳಿ ಶುರು, ಮಾರ್ಚ್ 21ಕ್ಕೆ ವರದಿ, ಮೇ 20ಕ್ಕೆ 60 ದಿನ ಮುಗಿಯಿತು.

ಎಡವಟ್ಟಾಗುವುದು ಆ ವರದಿಯಲ್ಲೇ. ಸೆಕ್ಷನ್ 4(ಎ) ಮೂರು ಬಗೆಯ ವರದಿಗಳನ್ನು ಹೇಳುತ್ತದೆ. ಒಂದು, ಸೇನೆ ಕದನಕ್ಕೆ ಇಳಿದಿದೆ ಅಥವಾ ಕದನ ಕಣ್ಣೆದುರಿಗಿದೆ. ಎರಡು, ಕದನಸಜ್ಜಾಗಿ ಪರದೇಶದೊಳಗೆ ಹೋಗಿದೆ. ಮೂರು, ಅಲ್ಲಿ ಮೊದಲೇ ಇದ್ದ ಪಡೆ ಗಣನೀಯವಾಗಿ ಹೆಚ್ಚಿದೆ. 60 ದಿನದ ಗಡಿಯಾರಕ್ಕೆ ಕೀಲಿ ಕೊಡುವುದು ಮೊದಲನೆಯದು, 4(ಎ)(1), ಮಾತ್ರ. ಅಧ್ಯಕ್ಷರ ಪತ್ರಗಳು ತಾವು ಯಾವ ಬಗೆ ಎಂದು ಹೇಳುವುದೇ ಇಲ್ಲ. ‘ಯುದ್ಧಾಧಿಕಾರ ನಿರ್ಣಯದ ಅನ್ವಯ’ ಎಂದೂ ಬರೆಯುವುದಿಲ್ಲ. ‘ನಿರ್ಣಯಕ್ಕೆ ಅನುಗುಣವಾಗಿ’ ಎನ್ನುತ್ತಾರೆ. ಅನ್ವಯ ಎಂದರೆ ಕಾನೂನಿಗೆ ತಲೆಬಾಗಿದಂತೆ. ಅನುಗುಣ ಎಂದರೆ ನಾನಾಗಿಯೇ ತಿಳಿಸುತ್ತಿದ್ದೇನೆ, ಕಾಕತಾಳೀಯವಾಗಿ ನಿಮ್ಮ ಕಾನೂನೂ ಅದನ್ನೇ ಹೇಳುತ್ತಿದೆ ಎಂದಂತೆ. 4(ಎ)(1)ನ್ನು ಹೆಸರೆತ್ತಿ ಬರೆದದ್ದು ಜೆರಾಲ್ಡ್ ಫೋರ್ಡ್ ಒಬ್ಬರೇ, 1975ರ ಮೇನಲ್ಲಿ, ಕಾಂಬೋಡಿಯ ಹಿಡಿದಿಟ್ಟಿದ್ದ ಅಮೆರಿಕದ ಸರಕು ಹಡಗು ಮಾಯಾಗ್ವೆಜ್ ಪ್ರಕರಣದಲ್ಲಿ. ಅವರೂ ಬರೆದದ್ದು ಅದನ್ನು ‘ಗಮನದಲ್ಲಿಟ್ಟುಕೊಂಡು’ ಎಂದಷ್ಟೇ. ಪತ್ರ ಕೈಸೇರುವ ಹೊತ್ತಿಗೆ ಕಾರ್ಯಾಚರಣೆಯೇ ಮುಗಿದಿತ್ತು!

ಇನ್ನೊಂದು ಸಂದು ‘ಹಾಸ್ಟಿಲಿಟೀಸ್’, ಅಂದರೆ ಕದನ, ಎಂಬ ಪದ. ಅದರ ವ್ಯಾಖ್ಯೆ ಕಾನೂನಿನಲ್ಲಿ ಇಲ್ಲ. ಲಿಬಿಯದಲ್ಲಿ ಮೇ 20 ದಾಟಿದ ಮೇಲೂ ದಾಳಿ ನಿಲ್ಲಲಿಲ್ಲ. ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಹೆರಾಲ್ಡ್ ಕೋ ಸೆನೆಟ್ ಸಮಿತಿಯ ಮುಂದೆ ಬಂದು ಹೇಳಿದ್ದರ ಸಾರ ಇದು: ಉದ್ದೇಶ ಸೀಮಿತ, ನಮ್ಮ ಸೈನಿಕರಿಗೆ ಅಪಾಯ ಸೀಮಿತ, ಜಗಳ ಬೆಳೆಯುವ ಸಂಭವ ಸೀಮಿತ, ಬಳಸುವ ಅಸ್ತ್ರಬಲ ಸೀಮಿತ, ಆದ್ದರಿಂದ ಇದು ಕದನವೇ ಅಲ್ಲ. ಜೂನ್ 3ರ ಹೊತ್ತಿಗೆ ಈ ‘ಕದನವಲ್ಲದ್ದಕ್ಕೆ’ ಆಗಿದ್ದ ಖರ್ಚು, ಸರ್ಕಾರವೇ ಕೊಟ್ಟ ಲೆಕ್ಕದಂತೆ, ಸುಮಾರು 71.6 ಕೋಟಿ ಡಾಲರ್. ಬಾಂಬ್ ಬೀಳಿಸುವವನಿಗೆ ಅಪಾಯವಿಲ್ಲದಿದ್ದರೆ ಬೀಳಿಸಿಕೊಂಡವನಿಗೂ ಅದು ಕದನವಲ್ಲ ಎಂಬ ತರ್ಕ ಇದು. ಡ್ರೋನ್ ಮತ್ತು ದೂರಗಾಮಿ ಕ್ಷಿಪಣಿಗಳ ಕಾಲದಲ್ಲಿ ಇದನ್ನು ಒಪ್ಪಿದರೆ ಕಾನೂನಿಗೆ ಉಳಿಯುವ ಕೆಲಸ ಬಹಳ ಕಡಿಮೆ.

ಮೂರನೆಯ ಉಪಾಯ, ಬಿಡಿಬಿಡಿಯಾಗಿ ಎಣಿಸುವುದು. 1987-88ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಇರಾನಿನ ಜೊತೆ ನಡೆದ ಒಂದೊಂದು ಚಕಮಕಿಗೂ ರೇಗನ್ ಆಡಳಿತ ಬೇರೆ ಬೇರೆ ವರದಿ ಕೊಟ್ಟಿತು. ಪ್ರತಿಯೊಂದೂ ಅವತ್ತೇ ಶುರು, ಅವತ್ತೇ ಮುಕ್ತಾಯ. ಹೀಗೆ ಎಣಿಸಿದರೆ ಅರವತ್ತನೆಯ ದಿನ ಬರುವುದೇ ಇಲ್ಲ. ಕಾಂಗ್ರೆಸ್ ಚಾಪೆ ಕೆಳಗೆ ತೂರಿದರೆ ಶ್ವೇತಭವನ ರಂಗೋಲಿ ಕೆಳಗೆ ತೂರುತ್ತದೆ.

ಪ್ರಶ್ನೆ: ಕಾಂಗ್ರೆಸ್ ಮನಸ್ಸು ಮಾಡಿದರೆ ನಿಲ್ಲಿಸಲು ಆಗುವುದಿಲ್ಲವೇ? (ಮೈಸೂರು)

ಆಗುತ್ತದೆ, ಮೂರನೇ ಎರಡು ಬಹುಮತ ಇದ್ದರೆ. 1973ರ ಕಾನೂನಿನಲ್ಲಿ ಸುಲಭದ ದಾರಿಯೊಂದಿತ್ತು: ಎರಡೂ ಮನೆಗಳು ಸರಳ ಬಹುಮತದಿಂದ ಸಮವರ್ತಿ ನಿರ್ಣಯ ಮಾಡಿದರೆ ಸಾಕು, ಅದು ಅಧ್ಯಕ್ಷರ ಮೇಜಿಗೆ ಹೋಗುವಂತೆಯೇ ಇಲ್ಲ. 1983ರಲ್ಲಿ ಆ ದಾರಿಗೆ ಮುಳ್ಳು ಬಿತ್ತು, ಅದೂ ಯುದ್ಧಕ್ಕೆ ಸಂಬಂಧವೇ ಇಲ್ಲದ ಮೊಕದ್ದಮೆಯಿಂದ. ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಚಡ್ಡಾ ಎಂಬವರು ವಿದ್ಯಾರ್ಥಿ ವೀಸಾ ಮುಗಿದ ಮೇಲೂ ಅಮೆರಿಕದಲ್ಲಿ ಉಳಿಯಲು ವಲಸೆ ಇಲಾಖೆ ಅವಕಾಶ ಕೊಟ್ಟಿತ್ತು. ಕೆಳಮನೆ ತನ್ನೊಂದರದೇ ನಿರ್ಣಯದಿಂದ ಅದನ್ನು ರದ್ದು ಮಾಡಿತು. ಅಧ್ಯಕ್ಷರ ಮುಂದೆ ಹೋಗದ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸಮವರ್ತಿ ನಿರ್ಣಯವೂ ಅದರ ಜೊತೆಗೇ ಸತ್ತಂತೆ ಎಂದು ಬಹುತೇಕ ಕಾನೂನು ತಜ್ಞರ ಅಭಿಪ್ರಾಯ.

ಉಳಿದದ್ದು ಜಂಟಿ ನಿರ್ಣಯ. ಸೆನೆಟ್‌ನಲ್ಲಿ ಅದಕ್ಕೆ ವಿಶೇಷ ಸವಲತ್ತಿದೆ: ಸಮಿತಿ 10 ದಿನದೊಳಗೆ ಹೊರಗೆ ಬಿಡದಿದ್ದರೆ ಯಾವ ಸದಸ್ಯರಾದರೂ ಸದನಕ್ಕೆ ಎಳೆದು ತರಬಹುದು, ಸರಳ ಬಹುಮತ ಸಾಕು. ಆದರೆ ಇದು ಅಧ್ಯಕ್ಷರ ಸಹಿಗೆ ಹೋಗುತ್ತದೆ, ತಾವೇ ಶುರು ಮಾಡಿದ್ದನ್ನು ನಿಲ್ಲಿಸುವ ಕಾಗದಕ್ಕೆ ಅವರೇಕೆ ಸಹಿ ಹಾಕುತ್ತಾರೆ? ಯೆಮನ್ ಯುದ್ಧದಲ್ಲಿ ಸೌದಿ ಅರೇಬಿಯದ ಕೂಟಕ್ಕೆ ಕೊಡುತ್ತಿದ್ದ ನೆರವು ನಿಲ್ಲಿಸುವ ನಿರ್ಣಯ 2019ರಲ್ಲಿ ಸೆನೆಟ್‌ನಲ್ಲಿ 54-46, ಕೆಳಮನೆಯಲ್ಲಿ 247-175ರಿಂದ ಗೆದ್ದಿತು. ಟ್ರಂಪ್ ವೀಟೋ ಹಾಕಿದರು. ಇರಾನಿನ ಸೇನಾಧಿಕಾರಿ ಕಾಸಿಂ ಸುಲೈಮಾನಿಯನ್ನು ಅಮೆರಿಕ ಡ್ರೋನ್ ದಾಳಿಯಲ್ಲಿ ಕೊಂದ ನಂತರ, 2020ರಲ್ಲಿ, ಇರಾನ್ ಕುರಿತ ನಿರ್ಣಯದ ಕಥೆಯೂ ಅದೇ. ಎಲ್ಲರೂ ಹಾಜರಿದ್ದರೆ ವೀಟೋ ಮುರಿಯಲು ಕೆಳಮನೆಯಲ್ಲಿ 290, ಸೆನೆಟ್‌ನಲ್ಲಿ 67 ಮತ ಬೇಕು. ಅಂದರೆ 34 ಸೆನೆಟರ್‌ಗಳು ಬೆನ್ನಿಗಿದ್ದರೆ ಅಧ್ಯಕ್ಷರು ನಿಶ್ಚಿಂತೆ. 2025ರ ಜೂನ್‌ನ ಇರಾನ್ ನಿರ್ಣಯ ಅಲ್ಲಿಯವರೆಗೂ ಹೋಗಲಿಲ್ಲ. ಸೆನೆಟ್‌ನಲ್ಲೇ 47-53ರಿಂದ ಬಿತ್ತು.

ನಿಜವಾಗಿ ಕೆಲಸ ಮಾಡಿರುವುದು ಹಣದ ಚೀಲದ ದಾರ. ಕಾಂಬೋಡಿಯದ ಮೇಲಿನ ಬಾಂಬ್ ದಾಳಿ 1973ರ ಆಗಸ್ಟ್ 15ಕ್ಕೆ ನಿಂತದ್ದು ಹಣ ನಿಲ್ಲಿಸಿದ್ದರಿಂದ. ಸೊಮಾಲಿಯ ಕಾರ್ಯಾಚರಣೆಗೂ 1994ರ ಮಾರ್ಚ್ 31ರ ನಂತರ ಹಣವಿಲ್ಲ ಎಂದು ಕಾಂಗ್ರೆಸ್ ಗೆರೆ ಎಳೆಯಿತು. ಆದರೆ ಸೈನಿಕರು ರಣರಂಗದಲ್ಲಿರುವಾಗ ದಾರ ಎಳೆಯಲು ಎದೆಗಾರಿಕೆ ಬೇಕು. ಲಿಬಿಯ ವಿಷಯದಲ್ಲಿ ಕೆಳಮನೆ 2011ರ ಜೂನ್ 24ರಂದು ಕಾರ್ಯಾಚರಣೆಗೆ ಅನುಮತಿ ಕೊಡುವ ನಿರ್ಣಯವನ್ನು 123-295ರಿಂದ ತಿರಸ್ಕರಿಸಿತು. ಅದೇ ದಿನ ಹಣ ಕಡಿತದ ಮಸೂದೆಯನ್ನೂ 180-238ರಿಂದ ತಿರಸ್ಕರಿಸಿತು. ಬೇಡ ಎಂದೂ ಅನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ.

ಪ್ರಶ್ನೆ: ಕೋರ್ಟಿಗೆ ಹೋಗಬಹುದಲ್ಲ? (ಹಾಸನ)

ಹೋಗಿದ್ದಾರೆ, ಬರಿಗೈಯಲ್ಲಿ ಬಂದಿದ್ದಾರೆ. ಕೊಸೊವೊ ಯುದ್ಧದ ವಿರುದ್ಧ ಕಾಂಗ್ರೆಸ್ ಸದಸ್ಯರೇ ಕ್ಲಿಂಟನ್ ಮೇಲೆ, ಲಿಬಿಯ ವಿಷಯದಲ್ಲಿ ಒಬಾಮ ಮೇಲೆ ದಾವೆ ಹೂಡಿದರು. ದಾವೆ ಹೂಡುವ ಅರ್ಹತೆ ನಿಮಗಿಲ್ಲ, ನಿಮ್ಮ ಅಸ್ತ್ರ ನಿಮ್ಮ ಸದನದಲ್ಲೇ ಇದೆ ಎಂಬುದು ನ್ಯಾಯಾಲಯಗಳ ಧೋರಣೆ. ಸಾಕ್ಷ್ಯ, ವಾದ, ವಿಚಾರಣೆಯ ಹಂತಕ್ಕೇ ಇವು ಮುಟ್ಟುವುದಿಲ್ಲ.

ಪ್ರಶ್ನೆ: 2001ರ ಕಾನೂನಿನಡಿ ಐಸಿಸ್ ಮೇಲೆ ದಾಳಿ ಮಾಡಿದರು ಎಂದು ಓದಿದೆ. ಆಗ ಐಸಿಸ್ ಇರಲೇ ಇಲ್ಲವಲ್ಲ? (ಉಡುಪಿ)

ಇರಲಿಲ್ಲ. 2001ರ ಸೆಪ್ಟೆಂಬರ್ 18ರಂದು ಸಹಿಯಾದ ಆ ಕಾನೂನಿನ ಜೀವಾಳ ಒಂದೇ ವಾಕ್ಯ: ಸೆಪ್ಟೆಂಬರ್ 11ರ ದಾಳಿಯನ್ನು ಯೋಜಿಸಿದ, ನಡೆಸಿದ, ಅದಕ್ಕೆ ನೆರವಾದ ಅಥವಾ ಅಂಥವರಿಗೆ ಆಶ್ರಯ ಕೊಟ್ಟ ದೇಶ, ಸಂಘಟನೆ, ವ್ಯಕ್ತಿಗಳ ಮೇಲೆ ಅಧ್ಯಕ್ಷರು ಬಲ ಪ್ರಯೋಗಿಸಬಹುದು. ಅಂಥವರು ಯಾರು ಎಂದು ನಿರ್ಧರಿಸುವವರೂ ಅಧ್ಯಕ್ಷರೇ. ‘ಸಹಚರ ಪಡೆಗಳು’ ಎಂಬ ಮಾತು ಕಾನೂನಿನಲ್ಲಿ ಇಲ್ಲ, ಆಮೇಲೆ ಆಡಳಿತ ಸೇರಿಸಿಕೊಂಡದ್ದು. ಐಸಿಸ್ ಹಿಂದೆ ಇರಾಕಿನ ಅಲ್-ಕೈದಾ ಆಗಿತ್ತು, ಆದ್ದರಿಂದ ಅದೂ ಇದರಡಿ ಬರುತ್ತದೆ ಎಂದು 2014ರಲ್ಲಿ ವಾದಿಸಿದರು. ಆ ವರ್ಷದ ಆರಂಭದಲ್ಲೇ ಅಲ್-ಕೈದಾ ಅದನ್ನು ಹೊರಹಾಕಿತ್ತು ಎಂಬುದು ಅಡ್ಡಿಯಾಗಲಿಲ್ಲ. ಈ ಕಾನೂನಿನ ದೊಡ್ಡ ದೋಷ, ಅದಕ್ಕೆ ಕೊನೆಯ ದಿನಾಂಕವಿಲ್ಲ. 1983ರಲ್ಲಿ ಲೆಬನಾನ್‌ಗೆ ಅನುಮತಿ ಕೊಟ್ಟಾಗ ಇದೇ ಕಾಂಗ್ರೆಸ್ 18 ತಿಂಗಳ ಮಿತಿ ಹಾಕಿತ್ತು. 2001ರಲ್ಲಿ ಎರಡೂ ಮನೆ ಸೇರಿ ಇದರ ವಿರುದ್ಧ ಬಿದ್ದದ್ದು ಒಂದೇ ಮತ, ಕ್ಯಾಲಿಫೋರ್ನಿಯದ ಬಾರ್ಬರಾ ಲೀ ಅವರದು.

ಪ್ರಶ್ನೆ: ನಮ್ಮ ದೇಶದಲ್ಲಿ ಹೇಗೆ? (ತುಮಕೂರು)

ನಮ್ಮ ಸಂವಿಧಾನದಲ್ಲಿ ಸೇನೆ ಬಳಸುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ವಿಧಿ ಇಲ್ಲ. 53ನೇ ವಿಧಿ ಪರಮೋಚ್ಚ ದಂಡನಾಯಕತ್ವವನ್ನು ರಾಷ್ಟ್ರಪತಿಗೆ ಕೊಟ್ಟಿದೆ; ಅವರು ನಡೆಯುವುದು 74ನೇ ವಿಧಿಯಂತೆ ಮಂತ್ರಿಮಂಡಲದ ಸಲಹೆಯ ಮೇಲೆ. 1999ರ ಕಾರ್ಗಿಲ್ ಯುದ್ಧ ನಡೆದಾಗ ಲೋಕಸಭೆಯೇ ವಿಸರ್ಜನೆಯಾಗಿತ್ತು. 352ನೇ ವಿಧಿಯ ತುರ್ತು ಪರಿಸ್ಥಿತಿಗೆ ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು, ಆದರೆ ಅದು ಬೇರೆ ವಿಷಯ. ನಮ್ಮ ಸರ್ಕಾರ ಲೋಕಸಭೆಯ ವಿಶ್ವಾಸದ ಮೇಲೆ ನಿಂತಿರುತ್ತದೆ. ಅಮೆರಿಕದ ಅಧ್ಯಕ್ಷರನ್ನು ಅವಿಶ್ವಾಸ ಗೊತ್ತುವಳಿಯಿಂದ ಇಳಿಸಲು ಬರುವುದಿಲ್ಲ. ಅಲ್ಲಿ ಇಷ್ಟೆಲ್ಲ ಜಗ್ಗಾಟ ಇರುವುದು ಅದಕ್ಕೇ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಈಗ ಪೌರತ್ವವೂ ಸಿಕ್ಕಿದೆ. ಇಂಥ ಸಂದರ್ಭದಲ್ಲಿ ನಮ್ಮ ಕಾಂಗ್ರೆಸ್ ಸದಸ್ಯರಿಗೆ ಪತ್ರ ಬರೆದರೆ ಏನೆಂದು ಬರೆಯಬೇಕು?

‘ಯುದ್ಧ ನಿಲ್ಲಿಸಿ’ ಎಂದು ಬರೆದರೆ ಸಿದ್ಧ ಉತ್ತರ ಬರುತ್ತದೆ. ನಿರ್ದಿಷ್ಟವಾಗಿ ಕೇಳಿ. ಸೆನೆಟರ್‌ಗಳಿಬ್ಬರಿಗೂ: ಜಂಟಿ ನಿರ್ಣಯವನ್ನು ಸಮಿತಿಯಿಂದ ಹೊರತರುವ ಸೂಚನೆಗೆ ನಿಮ್ಮ ಮತ ಯಾವ ಕಡೆ? ಹೆಚ್ಚಿನ ನಿರ್ಣಯಗಳು ಸಾಯುವುದು ಅಲ್ಲೇ. 48 ಗಂಟೆಯ ವರದಿ ಬಂದಿದೆಯೇ, ಅದರಲ್ಲಿ ಗೋಪ್ಯವಲ್ಲದ ಭಾಗ ಎಷ್ಟಿದೆ ಎಂದೂ ಕೇಳಿ. ಸುಲೈಮಾನಿ ಹತ್ಯೆಯ ವರದಿ ಪೂರ್ತಿ ಗೋಪ್ಯವಾಗಿತ್ತು.

ಕೆಳಮನೆ ಸದಸ್ಯರಿಗೆ ಬರೆಯುವಾಗ ನಿರ್ಣಯದ ಮೇಲಿನ ಮತ ಕೇಳುವುದರ ಜೊತೆಗೆ ‘ರೂಲ್’ ಮೇಲಿನ ಮತವನ್ನೂ ಕೇಳಿ. ರೂಲ್ ಎಂದರೆ ಯಾವ ಮಸೂದೆಯನ್ನು ಹೇಗೆ ಚರ್ಚಿಸಬೇಕು ಎಂಬ ಸದನದ ಕಾರ್ಯವಿಧಾನದ ನಿರ್ಣಯ. ಯುದ್ಧ ನಿಲ್ಲಿಸುವ ನಿರ್ಣಯ ಬೇಗ ಮತಕ್ಕೆ ಬರಲು ಕೆಳಮನೆಯಲ್ಲೂ ಇರುವ ಸವಲತ್ತನ್ನು ಅದರಲ್ಲಿ ಒಂದು ಸಾಲು ಸೇರಿಸಿ ಕಿತ್ತುಹಾಕಬಹುದು. 2018ರ ನವೆಂಬರ್‌ನಲ್ಲಿ ಯೆಮನ್ ನಿರ್ಣಯಕ್ಕೆ ಹಾಗೆಯೇ ಆಯಿತು. ಆ ಸಾಲು ಅಡಗಿದ್ದದ್ದು ತೋಳಗಳ ಸಂರಕ್ಷಣೆ ಕುರಿತ ಮಸೂದೆಯೊಂದರ ರೂಲ್‌ನಲ್ಲಿ. ಮುಂದಿನ ತಿಂಗಳು ಕೃಷಿ ಮಸೂದೆಯ ರೂಲ್‌ನಲ್ಲಿ. ಎರಡನೆಯದು ಪಾಸಾದದ್ದು 206-203ರಲ್ಲಿ, ಬರೀ ಮೂರು ಮತಗಳ ಅಂತರದಿಂದ.