ಹೊಳೆ ಬದಿಯ ಗದ್ದೆ ತುಂಬಿಸಿ ಮನೆ ಕಟ್ಟುವವರಿಗೆ

ಉಡುಪಿ ಹತ್ತಿರದ ಉದ್ಯಾವರ ಹೊಳೆ ಬದಿಯ ಬೈಲು ಗದ್ದೆಗೆ 2 ಮೀಟರ್ ಮಣ್ಣು ತುಂಬಿಸಿದ್ದೇನೆ, ರೋಲರ್ ಓಡಿಸಿ ಮಳೆ ಮುಗಿದ ಕೂಡಲೇ ಪಂಚಾಂಗ (ಅಡಿಪಾಯ) ಹಾಕಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ ಅಣ್ಣಾ.

ರೋಲರ್ ಗಟ್ಟಿ ಮಾಡುವುದು ಮೇಲಿನ ಒಂದಡಿ ಮಾತ್ರ. ತೊಂದರೆ ಇರುವುದು ಹಳೆ ಗದ್ದೆಯ ಅಡಿಯ ಕರಿ ಕೆಸರಿನಲ್ಲಿ. ಮೇಲೆ ಭಾರ ಬಿದ್ದಾಗ ಮೊದಲು ಕೆಸರಿನೊಳಗಿನ ನೀರೇ ಅದನ್ನು ಹೊರುತ್ತದೆ. ಆ ನೀರು ಜಿನುಗಿ ಹೊರಗೆ ಹೋದ ಹಾಗೆಲ್ಲ ನೆಲ ಕೂರುತ್ತದೆ. ನೀರು ಸಾಗಬೇಕಾದ ದಾರಿ 2 ಪಟ್ಟಾದರೆ ಹಿಡಿಯುವ ಸಮಯ 4 ಪಟ್ಟು.

ಲೆಕ್ಕ ನೋಡಿ. 2 ಮೀಟರ್ ಮಣ್ಣು ಅಂದರೆ ಚದರ ಮೀಟರಿಗೆ ಸುಮಾರು ಮೂರೂವರೆ ಟನ್. ಒಂದಂತಸ್ತಿನ ಮನೆ ಚದರ ಮೀಟರಿಗೆ ಸರಾಸರಿ ಒಂದು, ಒಂದೂವರೆ ಟನ್. ಮನೆಗಿಂತ ನೀವು ಹಾಕಿದ ಮಣ್ಣೇ ಭಾರ, ಅಲ್ವಾ? ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಪೈಲ್ (ಕೆಸರು ದಾಟಿ ಗಟ್ಟಿ ನೆಲದವರೆಗೆ ಇಳಿಸುವ ಕಂಬ) ಹಾಕಿ ಅಂದಿದ್ದಾರೆ. ಮನೆ ನಿಂತೀತು, ಆದರೆ ಅಂಗಳ, ಕಂಪೌಂಡು, ಪೈಪು ಎಲ್ಲ ಇಳಿಯುತ್ತವೆ. ಇಳಿಯುವ ಮಣ್ಣು ಪೈಲನ್ನೂ ಕೆಳಗೆ ಎಳೆಯುತ್ತದೆ.

ದೊಡ್ಡ ಕೆಲಸಗಳಲ್ಲಿ ಒಂದು, ಒಂದೂವರೆ ಮೀಟರಿಗೊಂದರಂತೆ 4 ಇಂಚು ಅಗಲದ ನೀರು ಹೊರಗೆ ಬರಲು ದಾರಿ ಕೊಡುವ ಪ್ಲಾಸ್ಟಿಕ್ ಡ್ರೈನ್ ಪಟ್ಟಿ ಕೆಸರಿಗೆ ಇಳಿಸಿ, ಮೇಲೆ ಜಾಸ್ತಿ ಮಣ್ಣು ಪೇರಿಸುತ್ತಾರೆ. ವರ್ಷಗಟ್ಟಲೆ ಆಗುವುದು ತಿಂಗಳುಗಳಲ್ಲಿ ಆಗುತ್ತದೆ. ಸಮುದ್ರ ತುಂಬಿಸಿ ಕಟ್ಟಿದ ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಮೇಲಿನ ಜೇಡಿಗೆ ಮರಳಿನ ಡ್ರೈನ್ ಹಾಕಿದ್ದರು. ಆಳದ ಜೇಡಿಗೆ ಅದು ಮುಟ್ಟಲಿಲ್ಲ. 1994ರಲ್ಲಿ ಶುರುವಾದ ಆ ನಿಲ್ದಾಣದ ದ್ವೀಪ ಇನ್ನೂ ಇಳಿಯುತ್ತಲೇ ಇದೆ.

ಮನೆ ಜಾಗಕ್ಕೆ ಆ ಪಟ್ಟಿ ಇಳಿಸುವ ಮೆಷಿನ್ ತರಿಸುವುದು ದುಬಾರಿ. ಮೊದಲು ಮಣ್ಣು ಪರೀಕ್ಷೆಯ ಬೋರ್ ಹಾಕಿಸಿ ಕೆಸರು ಎಷ್ಟು ಆಳ ಇದೆ ನೋಡಿ, ಮಣ್ಣಿನ ಎಂಜಿನಿಯರಿಗೆ ತೋರಿಸಿ. ಅವರು ಒಪ್ಪಿದರೆ ಮನೆ ಬರುವ ಜಾಗದ ಮೇಲೆ ಇನ್ನೊಂದು ಮೀಟರ್ ಮಣ್ಣು ಪೇರಿಸಿ ಬಿಡಿ. ಹೊಳೆ ದಂಡೆಯ ಹತ್ತಿರ ಮಾತ್ರ ಪೇರಿಸಬೇಡಿ ಮಾರಾಯ್ರೆ, ಕೆಸರು ಜಾರಿದರೆ ದಂಡೆಯೇ ಹೋಗುತ್ತದೆ. ಗುಡ್ಡ ಕಡಿದ ಶೇಡಿ ಮಣ್ಣು (ಮುರಕಲ್ಲಿನ ಅಡಿ ಸಿಗುವ ಮೆತ್ತನೆ ಜೇಡಿ) ಸುಮ್ನೆ ಕೊಟ್ಟರೂ ತುಂಬಿಸಬೇಡಿ. ಒಣಗಿದಾಗ ಗಟ್ಟಿ, ನೆನೆದರೆ ಬಲವೇ ಇರುವುದಿಲ್ಲ.

ನೆಲ ಎಷ್ಟು ಇಳಿಯುತ್ತದೆ ಅಂತ ಅಳೆಯಲು ಒಂದಡಿ ಚದರದ ಕಬ್ಬಿಣದ ಪ್ಲೇಟಿಗೆ ಉದ್ದ ಪೈಪ್ ನೆಟ್ಟಗೆ ವೆಲ್ಡ್ ಮಾಡಿಸಿ. ಗುಂಡಿ ತೆಗೆದು ಅದನ್ನು ಹಳೆ ಗದ್ದೆಯ ಮಟ್ಟದಲ್ಲಿ ಕೂರಿಸಿ. ಮಣ್ಣು ಪೈಪನ್ನು ಹಿಡಿಯದ ಹಾಗೆ ಸುತ್ತ ದೊಡ್ಡ ಪಿವಿಸಿ ಪೈಪ್ ತೊಡಿಸಿ ಮುಚ್ಚಿ. ತುಂಬಿಸದ ಗಟ್ಟಿ ಜಾಗದಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಪಾರೆ ಮೇಲೆ ಪೈಂಟಿನ ಗುರುತು ಹಾಕಿ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು 15 ದಿನಕ್ಕೊಮ್ಮೆ ಕಬ್ಬಿಣದ ಪೈಪಿನ ತುದಿಗೂ ಆ ಗುರುತಿಗೂ ಇರುವ ಮಟ್ಟದ ವ್ಯತ್ಯಾಸ ಬರೆದಿಡಿ.

ಮಳೆಗಾಲದಲ್ಲಿ ಅಳತೆ ನಿಂತ ಹಾಗೆ ಕಂಡರೆ ನಂಬಬೇಡಿ. ಆಗ ನೀರು ಮೇಲೆ ಬಂದು ಕೆಸರಿನ ಮೇಲಿನ ಒತ್ತಡ ಕಡಿಮೆಯಾಗಿರುತ್ತದೆ. ಏಪ್ರಿಲ್, ಮೇನಲ್ಲಿ ನೀರು ಇಳಿದರೆ ನೆಲ ಮತ್ತೆ ಕೂರಬಹುದು. ಒಂದು ಬೇಸಿಗೆ ಪೂರ್ತಿ ನೋಡಿ, ಅಳತೆ ನಿಂತ ಮೇಲೆ ಪೇರಿಸಿದ್ದನ್ನು ತೆಗೆದು ಪಂಚಾಂಗ ಹಾಕಿ. ಬೋರ್ ರಿಪೋರ್ಟ್ ಬಂದರೆ ಇಲ್ಲೇ ಹಾಕಿ, ಒಟ್ಟಿಗೆ ನೋಡುವ.